ವಿಕ್ಟೋರಿಯನ್ ಮನೆ: ಹಳೆಯದು ಉಳಿದಿರುವುದಾ, ಹೊಸದಾಗಿ ಸಿಂಗರಿಸಿದ್ದಾ?

ಇಂಗ್ಲೆಂಡಿನಲ್ಲಿ ಮನೆ ಹುಡುಕುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಒಂದೇ ಬೀದಿಯಲ್ಲಿ, ಒಂದೇ ಕಾಲದಲ್ಲಿ ಕಟ್ಟಿದ ಎರಡು ವಿಕ್ಟೋರಿಯನ್ ಮನೆಗಳು ಮಾರಾಟಕ್ಕಿವೆ. ಮೊದಲನೆಯದರಲ್ಲಿ ಎಲ್ಲವೂ ಹೊಸದು. ಬಿಳಿ ಗೋಡೆ, ಪ್ಲಾಸ್ಟಿಕ್ ಕಿಟಕಿ, ಸಪಾಟಾದ ಸೀಲಿಂಗ್, ಲ್ಯಾಮಿನೇಟ್ ನೆಲ. ಸಾಮಾನು ತಂದಿಟ್ಟು ಹಾಲು ಉಕ್ಕಿಸಿದರೆ ಮುಗಿಯಿತು. ಎರಡನೆಯದರಲ್ಲಿ ಕಿಟಕಿ ಗಡಗಡ ಅನ್ನುತ್ತದೆ. ಗೋಡೆ ಸೀಲಿಂಗ್ ಸೇರುವಲ್ಲಿನ ಗಾರೆಯ ಅಲಂಕಾರದ ಪಟ್ಟಿ, ಅಂದರೆ ಕಾರ್ನಿಸ್ ಮೇಲೆ ಬಣ್ಣ ಪದರ ಪದರವಾಗಿ ಮೆತ್ತಿಕೊಂಡಿದೆ. ಹಾಲ್‌ನ ಟೈಲ್ಸ್ ಅಲ್ಲಲ್ಲಿ ಎದ್ದಿವೆ, ಹಳೇ ಕಾರ್ಪೆಟ್ಟಿನ ವಾಸನೆ ಬೇರೆ. ಬೆಲೆ ಸ್ವಲ್ಪ ಕಮ್ಮಿ. ಯಾವುದನ್ನು ತಗೊಳ್ಳೋದು?

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಛಾವಣಿ ಗಟ್ಟಿಯಾಗಿದ್ದು, ಗೋಡೆ ಕುಸಿಯುವ ಲಕ್ಷಣ ಇಲ್ಲದಿದ್ದರೆ ಎರಡನೆಯದನ್ನೇ ಗಂಭೀರವಾಗಿ ನೋಡಿ. ಹೊಸ ಅಡುಗೆಮನೆ ಯಾವಾಗ ಬೇಕಾದರೂ ಹಾಕಿಸಬಹುದು. ಕಿತ್ತು ಕಸದ ಸ್ಕಿಪ್‌ಗೆ ಎಸೆದ ಹಳೇ ಕಿಟಕಿ, ಹಳೇ ಗಾರೆ ತಿರುಗಿ ಬರುವುದಿಲ್ಲ. ಬಂದರೂ ಅದಕ್ಕೆ ಕೊಡಬೇಕಾದ ದುಡ್ಡು ರಿಪೇರಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಎಲ್ಲ ಹಳೇ ಭಾಗಕ್ಕೂ ಒಂದೇ ತೂಕ ಇಲ್ಲ. ಕೆಲವು ಪ್ರಾಣದಷ್ಟು ಮುಖ್ಯ, ಕೆಲವು ಹೋದರೆ ಹೋಗಲಿ ಅನ್ನುವಂಥವು.

ಯಾವ ಕಾಲದ್ದು ಅಂತ ಮೊದಲು ತಿಳಿದುಕೊಳ್ಳಿ

ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದಕ್ಕೆ ಒಂದು 1919ಕ್ಕೂ ಮೊದಲು ಕಟ್ಟಿದ್ದು. ಅದರಲ್ಲಿ ದೊಡ್ಡ ಪಾಲು ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837ರಿಂದ 1901ರ ನಡುವಿನದು. ಅರವತ್ತಕ್ಕೂ ಜಾಸ್ತಿ ವರ್ಷದಲ್ಲಿ ಮನೆ ಕಟ್ಟುವ ರೀತಿ ತುಂಬಾ ಬದಲಾಯಿತು. ಏಜೆಂಟರು ಎಲ್ಲದಕ್ಕೂ ಸುಮ್ನೆ 'ವಿಕ್ಟೋರಿಯನ್' ಅಂತ ಬರೆದುಬಿಡುತ್ತಾರೆ.

1840ರ ದಶಕದ ಮನೆ ಇನ್ನೂ ಅದರ ಹಿಂದಿನ ಜಾರ್ಜಿಯನ್ ಕಾಲದ ನೆರಳಲ್ಲೇ ಇರುತ್ತದೆ. ಮುಂಭಾಗ ಸಪಾಟು, ಕಿಟಕಿಯಲ್ಲಿ ಸಣ್ಣ ಸಣ್ಣ ಗಾಜು, ಅಲಂಕಾರ ಕಮ್ಮಿ. ಆಮೇಲೆ 1845ರಲ್ಲಿ ಗಾಜಿನ ಸುಂಕ ಹೋಯಿತು, 1850ರಲ್ಲಿ ಇಟ್ಟಿಗೆ ಸುಂಕ ಹೋಯಿತು, 1851ರಲ್ಲಿ ಕಿಟಕಿ ತೆರಿಗೆಯೂ ಹೋಯಿತು. ರೈಲು ಬಂದು ವೇಲ್ಸ್‌ನ ಸ್ಲೇಟ್ ಕಲ್ಲನ್ನು ದೇಶದ ಮೂಲೆ ಮೂಲೆಗೂ ತಲುಪಿಸಿತು. ಮಧ್ಯಮ ವರ್ಗದ ಮನೆಗೂ ದೊಡ್ಡ ಗಾಜು, ಹೊರಗೆ ಚಾಚಿದ ಬೇ ವಿಂಡೋ, ಬಣ್ಣದ ಇಟ್ಟಿಗೆಯ ಪಟ್ಟಿ ಬಂದವು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಬೆನ್ನಿಗೇ ಊರೂರಿನ ಕೌನ್ಸಿಲ್‌ಗಳು ಕಟ್ಟಡದ ನಿಯಮ ಬಿಗಿ ಮಾಡಿದವು. ಬೀದಿ ಇಷ್ಟು ಅಗಲ ಇರಬೇಕು, ಹಿಂದೆ ಇಷ್ಟು ಜಾಗ ಬಿಡಬೇಕು, ಚರಂಡಿ ಹೀಗಿರಬೇಕು ಅಂತ. ಗೋಡೆಗೆ ನೆಲದ ಪಸೆ ಹತ್ತದಂತೆ ಸ್ಲೇಟ್ ಪದರ ಹಾಕುವುದೂ ರೂಢಿಯಾಯಿತು. ಹಾಗಾಗಿ ವಾಸಕ್ಕೆ ಅನುಕೂಲ ನೋಡುವುದಾದರೆ 1880ರ, 1890ರ ದಶಕದ ಮನೆ ಒಳ್ಳೆಯ ಆಯ್ಕೆ. ಕೋಣೆಗಳು ಬೆಳಕಾಗಿರುತ್ತವೆ, ಮುಂಬಾಗಿಲಲ್ಲಿ ಬಣ್ಣದ ಗಾಜು ಇರುವ ಸಂಭವವೂ ಜಾಸ್ತಿ.

ಮನೆ ಒಳಗೆ ಹೋದಾಗ ಒಂದು ವಿಷಯ ಗಮನಿಸಿ. ಅಲಂಕಾರಕ್ಕೆ ಒಂದು ಮರ್ಯಾದೆಯ ಸಾಲು ಇತ್ತು. ಬಂದವರನ್ನು ಕೂರಿಸುವ ಮುಂದಿನ ಕೋಣೆಗೆ ದಪ್ಪನೆಯ ಕಾರ್ನಿಸ್, ಅಮೃತಶಿಲೆಯ ಬೆಂಕಿಗೂಡು, ಎತ್ತರದ ಸ್ಕರ್ಟಿಂಗ್. ಹಿಂದಿನ ಕೋಣೆಗೆ ಅದಕ್ಕಿಂತ ಸಣ್ಣದು. ಮಹಡಿ ಮೇಲಿನ ಮಲಗುವ ಕೋಣೆಗೆ ಇನ್ನೂ ಸಣ್ಣದು. ಕೆಲಸದವರು ಮಲಗುತ್ತಿದ್ದ ಅಟ್ಟದ ಕೋಣೆಗೆ ಏನೂ ಇಲ್ಲ. ಯಾರೋ ಅಟ್ಟದಲ್ಲೂ ಭಾರೀ ಕಾರ್ನಿಸ್ ಹಾಕಿದ್ದರೆ ಅದು ಮೊನ್ನೆ ಮೊನ್ನೆ ಅಂಟಿಸಿದ್ದು ಅಂತ ತಿಳಿಯಿರಿ. 'ಮೂಲ ಅಲಂಕಾರ' ಅಂತ ಬೆಲೆ ಏರಿಸಿದ್ದರೆ ಚೌಕಾಸಿಗೆ ಇದೊಂದು ದಾರಿ.

ಅಸಲಿ ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿ ಆಗಬೇಕಾದರೆ ಲಂಡನ್ನಿನ ಕೆನ್ಸಿಂಗ್‌ಟನ್‌ನಲ್ಲಿ 18 ಸ್ಟ್ಯಾಫರ್ಡ್ ಟೆರೇಸ್ ಅನ್ನುವ ಮನೆ ನೋಡಿ ಬನ್ನಿ. 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ 1875ರಿಂದ ಸಂಸಾರ ಸಮೇತ ಅಲ್ಲಿದ್ದರು. ಅರಮನೆಯಲ್ಲ, ಸಾಲುಮನೆ. ಮಕ್ಕಳು ಮೊಮ್ಮಕ್ಕಳು ಅದನ್ನು ಬದಲಿಸದೆ ಉಳಿಸಿಕೊಂಡಿದ್ದರಿಂದ ವಾಲ್‌ಪೇಪರ್, ಬಣ್ಣದ ಗಾಜು, ಬೆಂಕಿಗೂಡು ಎಲ್ಲ ಇದ್ದಲ್ಲೇ ಇವೆ. 1958ರಲ್ಲಿ ಶುರುವಾದ ವಿಕ್ಟೋರಿಯನ್ ಸೊಸೈಟಿಯ ಯೋಚನೆ ಹುಟ್ಟಿದ್ದೂ ಇದೇ ಮನೆಯಲ್ಲಿ. ಆಗಿನ ಜನ ವಿಕ್ಟೋರಿಯನ್ ಅಂದರೆ ಮೂಗು ಮುರಿಯುತ್ತಿದ್ದರು. ಬೀದಿಗಟ್ಟಲೆ ಮನೆಗಳು ನೆಲಸಮ ಆಗುತ್ತಿದ್ದವು.

ಕಿಟಕಿ: ಇಲ್ಲಿ ರಾಜಿ ಬೇಡ

ಒಂದೇ ಒಂದು ಹಳೇ ಭಾಗ ಉಳಿಸಿಕೊಳ್ಳಬಹುದು ಅಂದರೆ ನಾನು ಕಿಟಕಿಯನ್ನೇ ಹೇಳುತ್ತೇನೆ. ಮನೆಯ ಮುಖದ ಕಳೆ ಇರುವುದು ಅದರಲ್ಲೇ.

ಸ್ಯಾಶ್ ಕಿಟಕಿ ಅಂದರೆ ಮೇಲೆ ಕೆಳಗೆ ಜಾರುವ ಎರಡು ಚೌಕಟ್ಟು. ಎರಡೂ ಬದಿಯ ಮರದ ಪೆಟ್ಟಿಗೆಯೊಳಗೆ ಎರಕದ ಕಬ್ಬಿಣದ ಗುಂಡುಗಳು ಹಗ್ಗದಲ್ಲಿ ನೇತಾಡುತ್ತವೆ. ಮೇಲ್ಗಡೆ ಒಂದು ಪುಟ್ಟ ರಾಟೆ. ಗುಂಡಿನ ತೂಕ ಚೌಕಟ್ಟಿನ ತೂಕಕ್ಕೆ ಸಮ ಇರುವುದರಿಂದ ಬೆರಳಲ್ಲಿ ಎತ್ತಿದರೂ ಕಿಟಕಿ ಏಳುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಮೇಲಿನದನ್ನು ಒಂದಿಷ್ಟು ಇಳಿಸಿ, ಕೆಳಗಿನದನ್ನು ಒಂದಿಷ್ಟು ಎತ್ತಿದರೆ ಬಿಸಿಗಾಳಿ ಮೇಲಿಂದ ಹೋಗಿ ತಂಗಾಳಿ ಕೆಳಗಿಂದ ಬರುತ್ತದೆ. ಕರೆಂಟ್ ಬೇಡ, ಫ್ಯಾನ್ ಬೇಡ.

ಮನೆ ನೋಡಲು ಹೋದಾಗ ಹೀಗೆ ಮಾಡಿ. ಕೆಳಗಿನ ಚೌಕಟ್ಟನ್ನು ಎತ್ತಿ. ಏಳದಿದ್ದರೆ ಬಹುಪಾಲು ಬಣ್ಣ ಕಚ್ಚಿಕೊಂಡಿರುತ್ತದೆ, ಇಲ್ಲವೇ ಹಗ್ಗ ಹರಿದಿರುತ್ತದೆ. ಎರಡೂ ಸಣ್ಣ ಕೆಲಸ. ಪೆಟ್ಟಿಗೆಯ ಒಳಬದಿಯಲ್ಲಿ, ಕೆಳಗಡೆ, ಒಂದು ಗೇಣು ಉದ್ದದ ಮರದ ಮುಚ್ಚಳ ಕಾಣುತ್ತದೆ. ಅದನ್ನು ಎಬ್ಬಿಸಿದರೆ ಗುಂಡು ಕೈಗೆ ಸಿಗುತ್ತದೆ, ಹೊಸ ಹಗ್ಗ ಪೋಣಿಸಬಹುದು. ಈ ಕಿಟಕಿಯನ್ನು ಬಿಚ್ಚಿ ರಿಪೇರಿ ಮಾಡಲೆಂದೇ ಮಾಡಿದ್ದಾರೆ. ಆಮೇಲೆ ಹೊರಗಿನ ಸಿಲ್ಲನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ಮರ ಲಡ್ಡಾಗಿದೆ. ಆದರೂ ಆ ತುಂಡನ್ನಷ್ಟೇ ಕೊಯ್ದು ಹೊಸದು ಬೆಸೆಯಬಹುದು. ನಿಧಾನವಾಗಿ ಬೆಳೆದ ಬಾಲ್ಟಿಕ್ ಪೈನ್ ಆಗ ಬಳಕೆಯಲ್ಲಿತ್ತು. ಅಷ್ಟು ಬಿಗಿಯಾದ ಮರ ಇವತ್ತಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಕೊನೆಗೆ ಗಾಜಿನ ಮೇಲೆ ಓರೆಯಾಗಿ ಕಣ್ಣಾಡಿಸಿ. ಎದುರುಮನೆಯ ಚಿಮಣಿ ಗಾಜಿನಲ್ಲಿ ಅಲೆಯಲೆಯಾಗಿ ಬಾಗಿ ಕಂಡರೆ ಅದು ಹಳೇ ಗಾಜು.

ಮೇಲಿನ ಚೌಕಟ್ಟಿನ ಎರಡು ತುದಿಯಲ್ಲಿ ಕೊಂಬಿನ ಹಾಗೆ ಕೆಳಗೆ ಇಳಿದ ಮರದ ತುಂಡು ಇರುತ್ತದೆ. ಅದು ಬರೀ ಅಲಂಕಾರ ಅಲ್ಲ. ದೊಡ್ಡ ಗಾಜು ಬಂದಾಗ ನಡುವಿನ ಪಟ್ಟಿಗಳು ಹೋದವು, ಭಾರ ಎಲ್ಲ ಮೂಲೆಯ ಕೀಲಿನ ಮೇಲೆ ಬಿತ್ತು. ಆ ಕೀಲು ಬಿಚ್ಚಿಕೊಳ್ಳದಿರಲಿ ಅಂತ ಮರವನ್ನು ಉದ್ದ ಬಿಟ್ಟರು. ಪ್ಲಾಸ್ಟಿಕ್ ಕಿಟಕಿಗೆ ಇದೇ ಕೊಂಬನ್ನು ಅಂಟಿಸಿ ಮಾರುತ್ತಾರೆ. ಅಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಈಗ ಆಯ್ಕೆಗಳ ವಿಷಯ. ಹಳೆಯದನ್ನೇ ರಿಪೇರಿ ಮಾಡಿ ಅಂಚಿಗೆ ಗಾಳಿತಡೆ ಬ್ರಷ್ ಹಾಕಿಸುವುದು ಎಲ್ಲಕ್ಕಿಂತ ಅಗ್ಗ. ಗಡಗಡ ಸದ್ದು ನಿಲ್ಲುತ್ತದೆ, ಕೊರೆಯುವ ಗಾಳಿ ಬಹುಪಾಲು ನಿಲ್ಲುತ್ತದೆ. ಇಷ್ಟು ಸಾಲದು ಅನಿಸಿದರೆ ಒಳಗಡೆ ಇನ್ನೊಂದು ತೆಳು ಗಾಜಿನ ಚೌಕಟ್ಟು, ಅಂದರೆ ಸೆಕೆಂಡರಿ ಗ್ಲೇಜಿಂಗ್ ಹಾಕಿಸಿ. ಗಾಜಿನಿಂದ ಹೊರಗೆ ಹೋಗುವ ಶಾಖ ಅರ್ಧಕ್ಕಿಂತ ಜಾಸ್ತಿ ತಗ್ಗುತ್ತದೆ ಅಂತ ಹಳೇ ಕಟ್ಟಡಗಳ ರಕ್ಷಣೆ ನೋಡುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಮಾಡಿಸಿದ ಪರೀಕ್ಷೆಗಳು ತೋರಿಸಿವೆ. ರಸ್ತೆ ಸದ್ದಿಗಂತೂ ಇದು ಒಂದೇ ಚೌಕಟ್ಟಿನಲ್ಲಿ ಎರಡು ಗಾಜು ಕೂರಿಸಿದ ಡಬಲ್ ಗ್ಲೇಜಿಂಗ್‌ಗಿಂತ ಮೇಲು, ಯಾಕೆಂದರೆ ಎರಡು ಗಾಜಿನ ನಡುವೆ ಅಂತರ ಹೆಚ್ಚು. ಮೂರನೆಯದು ಹೊಸ ಮರದ ಸ್ಯಾಶ್, ಒಳಗೆ ತೆಳುವಾದ ಡಬಲ್ ಗಾಜು. ಮರ ಪೂರ್ತಿ ಹಾಳಾಗಿದ್ದರೆ ಇದೇ ಸರಿ, ಆದರೆ ದುಬಾರಿ. ಪ್ಲಾಸ್ಟಿಕ್ ಕಿಟಕಿ ಕೊನೆಯ ಆಯ್ಕೆ. ಬೆಚ್ಚಗಿರುತ್ತದೆ, ಬಣ್ಣ ಹೊಡೆಯುವ ಕೆಲಸ ಇಲ್ಲ, ಅದು ನಿಜ. ಆದರೆ ಗಾಜಿನ ನಡುವಿನ ಸೀಲು ಹೋದ ದಿನ ಒಳಗೆ ಮಂಜು ಕಟ್ಟುತ್ತದೆ, ಪೂರ್ತಿ ಗಾಜು ಬದಲಿಸಬೇಕು. ನೂರಮೂವತ್ತು ವರ್ಷ ಬಾಳಿದ ಮರವನ್ನು ಕಿತ್ತು ಇದನ್ನು ಕೂರಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಹಳೇ ಬಣ್ಣ ಉಜ್ಜುವ ಮುಂಚೆ ಒಂದು ಎಚ್ಚರಿಕೆ. 1960ರ ದಶಕದವರೆಗೂ ಬಣ್ಣದಲ್ಲಿ ಸೀಸ ಸಾಮಾನ್ಯ. ಒಣದಾಗಿ ಸ್ಯಾಂಡ್‌ಪೇಪರ್ ಹಾಕಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಧೂಳು ಅಪಾಯ. ಸೀಸ ಇದೆಯೇ ಅಂತ ನೋಡುವ ಕಿಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

ಗೋಡೆ: ಸುಣ್ಣವಾ, ಸಿಮೆಂಟಾ?

ಕಣ್ಣಿಗೆ ಕಾಣದ ಹೋಲಿಕೆ ಇದು, ಆದರೆ ಕೈ ಸುಡುವುದು ಇಲ್ಲೇ. ವಿಕ್ಟೋರಿಯನ್ ಮನೆಯ ಗೋಡೆ ಹೆಚ್ಚಾಗಿ ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆ. ಈಗಿನ ಮನೆಗಳ ಹಾಗೆ ನಡುವೆ ಟೊಳ್ಳು ಜಾಗ ಇಲ್ಲ. ಇಟ್ಟಿಗೆ ಸಂದಿಗೆ ಸುಣ್ಣದ ಗಾರೆ, ಒಳಗೂ ಸುಣ್ಣದ ಗಾರೆ. ಮಳೆ ಬಂದಾಗ ಗೋಡೆ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಅದೇ ಸಂದಿಯಿಂದ ಬಿಟ್ಟುಕೊಡುತ್ತದೆ. ನಮ್ಮ ಊರಿನ ಹಳೇ ಗಾರೆ ಮನೆ ಕಂಡವರಿಗೆ ಇದು ಹೊಸದಲ್ಲ.

ಸಿಂಗರಿಸಿದ ಮನೆಯಲ್ಲಿ ಸಂದಿಗೆ ಸಿಮೆಂಟ್ ತುಂಬಿರುತ್ತಾರೆ, ಒಳಗೆ ಜಿಪ್ಸಮ್ ಪ್ಲಾಸ್ಟರ್, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್. ನೀರು ಹೊರಹೋಗುವ ದಾರಿ ಮುಚ್ಚಿತು. ಸಂದಿಯಿಂದ ಹೋಗಲಾರದ ತೇವ ಇಟ್ಟಿಗೆಯಿಂದಲೇ ಹೋಗುತ್ತದೆ. ಚಳಿಗೆ ಅದು ಮಂಜುಗಡ್ಡೆಯಾಗಿ ಹಿಗ್ಗಿದಾಗ ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮುಂಭಾಗದ ಇಟ್ಟಿಗೆ ಒಳಗೆ ಗುಳಿ ಬಿದ್ದು ಸಿಮೆಂಟ್ ಗೆರೆ ಮಾತ್ರ ಹೊರಗೆ ಚಾಚಿಕೊಂಡಿದ್ದರೆ ಇದೇ ಕಾರಣ.

ಆಮೇಲೆ ಪಸೆ ಕಂಡ ಕೂಡಲೇ ಗೋಡೆಗೆ ರಾಸಾಯನಿಕ ಚುಚ್ಚುವ ಕಂಪನಿಯವರು ಬರುತ್ತಾರೆ. ಅದಕ್ಕೆ ಒಪ್ಪುವ ಮುಂಚೆ ಹೊರಗೆ ಹೋಗಿ ನೋಡಿ. ತೋಟದ ಮಣ್ಣು ಗೋಡೆಗೆ ಒರಗಿ ಏರಿದೆಯಾ? ಮಳೆನೀರಿನ ಕೊಳವೆ ಒಡೆದಿದೆಯಾ? ನೆಲಮಟ್ಟದಲ್ಲಿ ತೂತಿನ ಇಟ್ಟಿಗೆ ಇದ್ದರೆ ಅದನ್ನು ಯಾರಾದರೂ ಮುಚ್ಚಿದ್ದಾರಾ? ಒಳಗಿನ ಮರದ ನೆಲ ಜಂತೆಗಳ ಮೇಲೆ ತೇಲಿ ನಿಂತಿರುತ್ತದೆ, ಅದರ ಅಡಿಗೆ ಗಾಳಿ ಆಡುವುದು ಆ ತೂತುಗಳಿಂದ. ಮುಚ್ಚಿದರೆ ಜಂತೆಯ ತುದಿ ಕೊಳೆಯುತ್ತದೆ. ಎಷ್ಟೋ ಸಲ ಪಸೆಯ ಮೂಲ ಇಂಥ ಸಣ್ಣ ಸಂಗತಿಯೇ.

ನಮ್ಮ ಮನೆಗಳಲ್ಲಿ ಇನ್ನೊಂದಿದೆ. ಅನ್ನ, ಸಾರು, ಇಡ್ಲಿ ಅಂತ ದಿನಾ ಹಬೆ ಏಳುವ ಅಡುಗೆ, ಮೇಲಿಂದ ಚಳಿಗಾಲದಲ್ಲಿ ಒಳಗೇ ಬಟ್ಟೆ ಒಣಗಿಸುವುದು. ಆ ಹಬೆ ತಣ್ಣನೆಯ ಗೋಡೆಗೆ ಬಡಿದು ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಅಡುಗೆಮನೆ ಸಾಮಾನ್ಯವಾಗಿ ಹಿಂದೆ ಚಾಚಿದ ಭಾಗದಲ್ಲಿ ಇರುತ್ತದೆ, ಮೂರು ಕಡೆ ಹೊರಗೋಡೆ. ಅಲ್ಲಿ ಹೊರಕ್ಕೆ ಗಾಳಿ ತಳ್ಳುವ ಒಳ್ಳೆ ಎಕ್ಸ್‌ಟ್ರಾಕ್ಟರ್ ಇದೆಯಾ ಅಂತ ನೋಡಿ. ಇಂಗಾಲದ ಫಿಲ್ಟರ್ ಹಾಕಿ ಅದೇ ಗಾಳಿಯನ್ನು ತಿರುಗಿ ಒಳಗೆ ಬಿಡುವ ಹುಡ್ ಒಗ್ಗರಣೆ ಘಾಟಿಗೂ ಸಾಲದು, ಹಬೆಗಂತೂ ಅಲ್ಲವೇ ಅಲ್ಲ.

ಸೀಲಿಂಗ್ ಮತ್ತು ಕಾರ್ನಿಸ್

ಹಳೇ ಸೀಲಿಂಗ್ ಅಂದರೆ ತೆಳು ಮರದ ರೀಪುಗಳ ಮೇಲೆ ಪ್ರಾಣಿಗಳ ಕೂದಲು ಬೆರೆಸಿದ ಸುಣ್ಣದ ಗಾರೆ. ರೀಪಿನ ಸಂದಿಯಿಂದ ಆಚೆ ಉಕ್ಕಿದ ಗಾರೆ ಕೊಕ್ಕೆಯಂತೆ ಬಾಗಿ ಹಿಡಿದುಕೊಳ್ಳುತ್ತದೆ. ಕೂದಲೆಳೆಯ ಬಿರುಕು ಇದ್ದರೆ ಹೆದರಬೇಡಿ. ಅಂಗೈಯಲ್ಲಿ ಮೆಲ್ಲಗೆ ಮೇಲೆ ಒತ್ತಿದಾಗ ಸೀಲಿಂಗ್ ಅಲುಗಿದರೆ ಮಾತ್ರ ಕೊಕ್ಕೆಗಳು ಮುರಿದಿವೆ. ಅದನ್ನೂ ಸ್ಕ್ರೂ, ವಾಷರ್ ಹಾಕಿ ಬಿಗಿ ಮಾಡಬಹುದು. ಕಿತ್ತು ಪ್ಲಾಸ್ಟರ್‌ಬೋರ್ಡ್ ಹಾಕಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಜೊತೆಗೆ ಕಾರ್ನಿಸೂ ಹೋಗುತ್ತದೆ. ಮೇಲಿನ ಮಹಡಿಯ ಹೆಜ್ಜೆ ಸದ್ದೂ ಜಾಸ್ತಿ ಕೇಳಿಸುತ್ತದೆ.

ನಡುವಿನ ಗುಲಾಬಿ, ಅಂದರೆ ಸೀಲಿಂಗ್ ರೋಸ್, ಬಹುಪಾಲು ಅಚ್ಚಿನಲ್ಲಿ ಎರೆದು ಸ್ಕ್ರೂ ಹಾಕಿ ಕೂರಿಸಿದ್ದು. ನಾರುಬಟ್ಟೆ ಸೇರಿಸಿ ಹಗುರವಾಗಿ ಎರೆಯುವ ವಿಧಾನಕ್ಕೆ 1856ರಲ್ಲಿ ಪೇಟೆಂಟ್ ಸಿಕ್ಕ ಮೇಲೆ ಇವು ಸಾಮಾನ್ಯ ಮನೆಗೂ ಬಂದವು. ಮೊದಲು ಹೇಳಿದ ಎರಡನೇ ಮನೆಯ ಗುಲಾಬಿ ಈಗ ಮೊಂಡಾದ ಉಂಡೆಯ ಹಾಗೆ ಕಾಣಬಹುದು. ಒಂದು ಎಸಳಿನ ಬಣ್ಣವನ್ನು ನೀರಿನ ಹಬೆ ಕೊಟ್ಟು, ಹಲ್ಲುಕಡ್ಡಿಯಂಥ ಮೊನೆಯಿಂದ ಬಿಡಿಸಿದರೆ ಅಡಿಯಲ್ಲಿ ಎಲೆಯ ನರ, ಹಣ್ಣಿನ ಕಾಳು ಎಲ್ಲ ಚೂಪಾಗಿ ಎದ್ದು ಬರುತ್ತವೆ. ತಾಳ್ಮೆ ಇರುವವರು ಭಾನುವಾರಕ್ಕೊಂದಿಷ್ಟು ಅಂತ ಮಾಡಬಹುದು. ಇಂಥ ಕೆಲಸ ನನಗೆ ತುಂಬಾ ಇಷ್ಟ. ಸೀಸದ ಎಚ್ಚರಿಕೆ ಇಲ್ಲಿಗೂ ಅನ್ವಯ. ಹಾಗೆಯೇ ಒರಟು ಗೀರಿನ ಸೀಲಿಂಗ್ ಇದ್ದರೆ ಮುಟ್ಟುವ ಮುಂಚೆ ಪರೀಕ್ಷೆ ಮಾಡಿಸಿ. ಬ್ರಿಟನ್ನಿನಲ್ಲಿ ಕಲ್ನಾರು ಪೂರ್ತಿ ನಿಷೇಧ ಆಗಿದ್ದು 1999ರಲ್ಲಿ, ಅಂಥ ಸೀಲಿಂಗ್‌ಗೆ ಬಳಿದ ಹಳೇ ಆರ್ಟೆಕ್ಸ್ ಲೇಪದಲ್ಲಿ ಅದು ಇರಬಹುದು.

ನೆಲ, ಬೆಂಕಿಗೂಡು, ಕಬ್ಬಿಣ

ಹಾಲ್‌ನಲ್ಲಿ ಮ್ಯಾಟ್ ಎತ್ತಿ ನೋಡಲು ಸಂಕೋಚ ಬೇಡ. ಹಾರ್ಡ್‌ಬೋರ್ಡ್ ಅಡಿ ವಿಕ್ಟೋರಿಯನ್ ಟೈಲ್ಸ್ ಹಾಗೇ ಉಳಿದಿರುವ ಮನೆಗಳು ಬೇಕಾದಷ್ಟಿವೆ. ಇವು ಎರಡು ಬಗೆ. ಒಂದೊಂದೂ ಒಂದೇ ಬಣ್ಣದ ತ್ರಿಕೋನ, ಚೌಕಗಳನ್ನು ಜೋಡಿಸಿದ ರಂಗೋಲಿ ಒಂದು. ಒಂದೇ ಟೈಲಿನೊಳಗೆ ಬೇರೆ ಬಣ್ಣದ ಜೇಡಿಮಣ್ಣು ತುಂಬಿ ಸುಟ್ಟ ಎನ್‌ಕಾಸ್ಟಿಕ್ ಇನ್ನೊಂದು. ಎರಡರಲ್ಲೂ ಬಣ್ಣ ಮೇಲಿನ ಲೇಪವಲ್ಲ, ಮಣ್ಣಿನಲ್ಲೇ ಇದೆ. ಹಾಗಾಗಿ ತಲೆಮಾರುಗಟ್ಟಲೆ ತುಳಿದರೂ ಚಿತ್ತಾರ ಅಳಿಯುವುದಿಲ್ಲ. ಸ್ಟೋಕ್‌ನ ಹರ್ಬರ್ಟ್ ಮಿಂಟನ್ ಇದನ್ನು ದೊಡ್ಡ ಪ್ರಮಾಣದಲ್ಲಿ ತಂದರು. ಲಂಡನ್ನಿನ ಸಂಸತ್ ಭವನದ ನೆಲವೂ ಅವರ ಕಾರ್ಖಾನೆಯದೇ. ಎದ್ದ ಟೈಲನ್ನು ಅಲ್ಲೇ ಕೂರಿಸಿ, ಒಡೆದಿದ್ದಕ್ಕೆ ಮಾತ್ರ ಬದಲಿ ತನ್ನಿ. ಶ್ರಾಪ್‌ಶೈರ್‌ನ ಜ್ಯಾಕ್‌ಫೀಲ್ಡ್‌ನಲ್ಲಿ ಈಗಲೂ ಮಾಡುತ್ತಾರೆ. ಆಸಿಡ್ ಹಾಕಿ ಮಾತ್ರ ತೊಳೆಯಬೇಡಿ.

ಕೋಣೆಯ ಪೈನ್ ಹಲಗೆಯ ವಿಷಯದಲ್ಲಿ ನನಗೆ ಅಂಥ ಹಟ ಇಲ್ಲ. ಆ ಕಾಲದಲ್ಲೂ ನಡುವೆ ಜಮಖಾನೆ ಹಾಸಿ ಅಂಚಿಗಷ್ಟೇ ಬಣ್ಣ ಬಳಿಯುತ್ತಿದ್ದರು. ಚಳಿ ಅನಿಸಿದರೆ ಕಾರ್ಪೆಟ್ ಹಾಕಿ, ತಪ್ಪೇನಿಲ್ಲ.

ಬೆಂಕಿಗೂಡಿಗೆ ಬಂದರೆ, 1850-60ರ ಮನೆಯಲ್ಲಿ ಕಮಾನಿನಾಕಾರದ ಎರಕದ ಕಬ್ಬಿಣ, ಸುತ್ತ ಅಮೃತಶಿಲೆ, ಇಲ್ಲವೇ ಅಮೃತಶಿಲೆಯಂತೆ ಬಣ್ಣ ಬಳಿದ ಸ್ಲೇಟ್. 1880ರ ನಂತರದ್ದರಲ್ಲಿ ಎರಡೂ ಬದಿಗೆ ಐದೈದು ಚಿತ್ತಾರದ ಟೈಲು. ಉರಿಸಲೇಬೇಕು ಅಂತೇನಿಲ್ಲ. 1956ರ ಶುದ್ಧ ಗಾಳಿ ಕಾಯಿದೆಯ ನಂತರ ಬಹಳ ಊರುಗಳಲ್ಲಿ ತೆರೆದ ಗೂಡಿನಲ್ಲಿ ಸೌದೆ, ಕಲ್ಲಿದ್ದಲು ಉರಿಸುವಂತಿಲ್ಲ. ಅನುಮತಿ ಇರುವ ಸ್ಟವ್ ಹಾಕಿಸಬಹುದು. ಉರಿಸದಿದ್ದರೆ ಗೂಡನ್ನು ಪೂರ್ತಿ ಮುಚ್ಚಬೇಡಿ, ಸಣ್ಣ ಜಾಲರಿ ಬಿಡಿ, ಇಲ್ಲದಿದ್ದರೆ ಚಿಮಣಿ ಒಳಗೆ ಪಸೆ ಕಟ್ಟುತ್ತದೆ. ಸಿಂಗರಿಸಿದ ಮನೆಯಲ್ಲಿ ಜಾಗ ಉಳಿಸಲು ಕೆಳಗಿನ ಚಿಮಣಿ ಗೋಡೆ ಒಡೆದಿದ್ದರೆ ಹುಷಾರ್. ಮೇಲಿನ ಟನ್‌ಗಟ್ಟಲೆ ಇಟ್ಟಿಗೆಯನ್ನು ಯಾವುದು ಹೊತ್ತಿದೆ? ಕಟ್ಟಡ ನಿಯಂತ್ರಣದವರ ಪ್ರಮಾಣಪತ್ರ ಕೇಳಿ. ಇಲ್ಲ ಅಂದರೆ ಆ ಮನೆ ಬಿಟ್ಟುಬಿಡಿ.

ಮುಂದಿನ ಕಬ್ಬಿಣದ ಕಟಕಟೆ ಬಹಳ ಮನೆಗಳಲ್ಲಿ ಇಲ್ಲ, ಎರಡನೇ ಮಹಾಯುದ್ಧದಲ್ಲಿ ಕಿತ್ತುಕೊಂಡು ಹೋದರು. ಉಳಿದಿದ್ದರೆ ಭಾಗ್ಯ. ಗ್ಲಾಸ್ಗೋದ ಸಾರಸೆನ್ ಫೌಂಡ್ರಿ ಇಂಥ ಕಟಕಟೆ, ಮಳೆನೀರಿನ ಕೊಳವೆಗಳನ್ನು ಕ್ಯಾಟಲಾಗ್ ಹಾಕಿ ಮಾರುತ್ತಿತ್ತು. ನಮ್ಮ ಲಾಲ್‌ಬಾಗ್ ಗಾಜಿನ ಮನೆಯ ಕಬ್ಬಿಣ ಬಂದಿದ್ದೂ ಅಲ್ಲಿಂದಲೇ.

ಎರಡು ಕೋಣೆಯಾ, ಒಂದೇ ದೊಡ್ಡ ಹಾಲಾ?

ಮುಂದಿನ ಹಿಂದಿನ ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ಮಾಡುವುದು ಈಗಿನ ಚಾಳಿ. ಬೆಳಕು ಆಚೆಯಿಂದ ಈಚೆಗೆ ಹರಿಯುತ್ತದೆ, ಹಬ್ಬಕ್ಕೆ ಇಪ್ಪತ್ತು ಜನ ಎಲೆ ಹಾಕಿಕೊಂಡು ಕೂರಬಹುದು. ಆದರೆ ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಗೆ ಮೂಲದ ಎರಡು ಕೋಣೆಯೇ ಮೇಲು. ಮಂಡಿ ನೋವಿರುವವರಿಗೆ ಕೆಳಗೇ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಸಿಗುತ್ತದೆ. ಕಾಯಿಸಬೇಕಾದ ಜಾಗವೂ ಕಮ್ಮಿ. ನಡುವೆ ಮಡಚುವ ಬಾಗಿಲು ಉಳಿದಿರುವ ಮನೆ ಸಿಕ್ಕಿದರೆ ಎರಡೂ ಸಿಕ್ಕ ಹಾಗೆ.

ಕಾಗದಪತ್ರ

1700ರಿಂದ 1850ರ ನಡುವಿನ, ಹೆಚ್ಚು ಬದಲಾಗದ ಕಟ್ಟಡಗಳು ಬಹುಪಾಲು ಸಂರಕ್ಷಿತ ಪಟ್ಟಿಯಲ್ಲಿವೆ. 1850ರ ನಂತರದವು ತುಂಬಾ ಇರುವುದರಿಂದ ಆರಿಸಿ ಸೇರಿಸಿದ್ದಾರೆ. ಹಾಗಾಗಿ ಸಾಮಾನ್ಯ ಸಾಲುಮನೆ ಪಟ್ಟಿಯಲ್ಲಿ ಇರುವುದು ಅಪರೂಪ. ಆದರೆ 1967ರ ಕಾಯಿದೆಯಿಂದ ಬಂದ ಸಂರಕ್ಷಣಾ ಪ್ರದೇಶದೊಳಗೆ ಇರಬಹುದು. ಅಲ್ಲಿ ಕೌನ್ಸಿಲ್ ಸಣ್ಣ ಬದಲಾವಣೆಗೂ ಅನುಮತಿ ಕೇಳುವ ಆರ್ಟಿಕಲ್ 4 ಆದೇಶ ಜಾರಿ ಮಾಡಿದ್ದರೆ ಮುಂದಿನ ಕಿಟಕಿ ಬದಲಿಸಲೂ ಅನುಮತಿ ಬೇಕು. ಪಟ್ಟಿಯಲ್ಲಿರುವ ಮನೆಯಾದರೆ ಒಳಗಿನ ಬೆಂಕಿಗೂಡಿಗೂ ರಕ್ಷಣೆ ಉಂಟು, ಅನುಮತಿ ಇಲ್ಲದೆ ಕಿತ್ತರೆ ಅದು ಅಪರಾಧ. ಹಿಂದಿನ ಮಾಲೀಕರು ಕಿತ್ತಿದ್ದರೂ ಅದನ್ನು ಸರಿಪಡಿಸಿ ಅಂತ ಕೌನ್ಸಿಲ್ ಹೊಸ ಮಾಲೀಕರಿಗೇ ನೋಟಿಸ್ ಕೊಡಬಹುದು. ಆದ್ದರಿಂದ ಪಟ್ಟಿಯಲ್ಲಿರುವ ಸಿಂಗರಿಸಿದ ಮನೆ ಇಷ್ಟವಾದರೆ, ಮಾಡಿದ ಒಂದೊಂದು ಬದಲಾವಣೆಗೂ ಅನುಮತಿ ಪತ್ರ ತರಿಸಲು ನಿಮ್ಮ ಸಾಲಿಸಿಟರ್‌ಗೆ ಹೇಳಿ. ಸರ್ವೆಗೂ ಹಳೇ ಕಟ್ಟಡ ಬಲ್ಲವರನ್ನೇ ಹಿಡಿದು, ಎಲ್ಲಕ್ಕಿಂತ ವಿವರವಾದ ಲೆವೆಲ್ 3 ಸರ್ವೆ ಮಾಡಿಸಿ. ಒಪ್ಪಂದ ಆಗುವ ಮುಂಚೆ ಆ ವರದಿ ಕೈಯಲ್ಲಿರಲಿ.